ಈಗಷ್ಟೇ ಹಾರಿ ಹೋತು ನೋಡ್ರಿ

ಬೆಳಗಿನ ಐದೂವರೆಗೆ ಫೋನು ಗುಂಯ್ ಅಂದರೆ ಎದೆ ಧಸಕ್ ಅನ್ನುತ್ತದೆ. ಊರಲ್ಲಿ ವಯಸ್ಸಾದವರಿದ್ದಾರೆ, ಅಲ್ವಾ? ಕಣ್ಣುಜ್ಜಿಕೊಂಡು ನೋಡಿದರೆ ಒಂದು ಕರೆಂಟ್ ತಂತಿ. ತಂತಿಯ ಮೇಲೆ ಒಂದು ಕರಿ ಚುಕ್ಕೆ. ಕೆಳಗೆ, ‘ಅಂಬರಗುಬ್ಬಿ. ಚಳಿಗಾಲಕ್ಕೆ ಸ್ವಾಗತ.’ ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು, ಮುಗಿದ ಕೈಗಳು, ‘ಸೂಪರ್ ಕ್ಲಿಕ್ ಸರ್’. ಚುಕ್ಕೆಗೆ ಇಷ್ಟು ಮರ್ಯಾದೆ ಸಿಗುವುದು ಕೊಪ್ಪಳದ ನಮ್ಮ ಪಕ್ಷಿಪ್ರೇಮಿಗಳ ಗ್ರೂಪಿನಲ್ಲಿ ಮಾತ್ರ.

ಬೇಸಿಗೆಯೆಲ್ಲ ಈ ಗ್ರೂಪು ಸುಮ್ನೆ ಬಿದ್ದಿರುತ್ತದೆ. ದೀಪಾವಳಿ ಪಟಾಕಿ ಸದ್ದು ಅಡಗಿ, ಬೆಳಗಿನ ಹೊತ್ತು ಸ್ವೆಟರ್ ಬೇಕು ಅನ್ನಿಸಿತೋ, ಜೀವ ಬರುತ್ತದೆ. ಅಂಕಸಮುದ್ರ ಕೆರೆಗೆ ಬಣ್ಣದ ಕೊಕ್ಕರೆ ಬಂದವಂತೆ. ತುಂಗಭದ್ರಾ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತು ಇಳಿದವಂತೆ. ಯಾರೋ ರಾಜಹಂಸ ನೋಡಿದರಂತೆ. ಎಲ್ಲವೂ ಅಂತೆ. ನಾನು ಹೋದಾಗ ಮಾತ್ರ ಒಂದು ಕಾಗೆ, ಎರಡು ನಾಯಿ, ಮತ್ತೆ ನಮ್ಮ ಸರ್.

ಸರ್ ಅಂದರೆ ನಿವೃತ್ತ ಮೇಷ್ಟ್ರು. ಹೆಸರು ಬೇಡ. ಕುತ್ತಿಗೆಗೆ ದುರ್ಬೀನು, ತಲೆಗೆ ಮಂಕಿ ಕ್ಯಾಪ್, ಜೇಬಿನಲ್ಲಿ ಸಣ್ಣ ನೋಟ್‌ಬುಕ್ಕು. ನಾವು ಎಷ್ಟು ಬೇಗ ಹೋದರೂ ಅವರು ನಮಗಿಂತ ಮೊದಲು ಅಲ್ಲಿರುತ್ತಾರೆ. ಬೈಕು ಸ್ಟ್ಯಾಂಡ್ ಹಾಕುವುದರೊಳಗೆ ಕೈ ಎತ್ತಿ ಆಕಾಶದ ಒಂದು ಖಾಲಿ ಜಾಗ ತೋರಿಸುತ್ತಾರೆ. “ಈಗಷ್ಟೇ ಹಾರಿ ಹೋತು ನೋಡ್ರಿ. ಒಂದ್ ನಿಮಿಷ ಮೊದ್ಲ ಬಂದಿದ್ರ ಸಿಗತಿತ್ತು.”

ಈ ಒಂದು ನಿಮಿಷ ಯಾರಿಗೂ ಸಿಕ್ಕಿಲ್ಲ. ಬೇಗ ಎದ್ದರೂ ಇಲ್ಲ, ಹಲ್ಲುಜ್ಜದೆ ಓಡಿದರೂ ಇಲ್ಲ. ಅವರ ಪಕ್ಕದಲ್ಲೇ ನಿಂತಿದ್ದರೂ ಇಲ್ಲ. “ಆ ಕಡೆ ತಿರುಗಿದ್ರಿ ನೋಡ್ರಿ, ಆಗ ಹೋತು” ಅನ್ನುತ್ತಾರೆ. ಯಾಕೆ ತಿರುಗಿದೆ? ಅವರೇ “ಆ ಕಡೆ ನೋಡ್ರಿ” ಅಂದಿದ್ದರು.

ಒಮ್ಮೆ ಅವರನ್ನು ದರೋಜಿ ಕರಡಿಧಾಮಕ್ಕೆ ಕರೆದುಕೊಂಡು ಹೋದೆವು. 1994ರಲ್ಲಿ ಕರಡಿಗಳಿಗೆಂದೇ ಮಾಡಿದ ಧಾಮ ಅದು. ಬಂಡೆಗಳಿಗೆ ಬೆಲ್ಲದ ಪಾಕ ಸವರಿರುತ್ತಾರೆ. ಸಂಜೆ ಮುಂದೆ ಕರಡಿ ತಾನಾಗಿ ಬಂದು ನೆಕ್ಕುತ್ತದೆ, ನಾವು ಗೋಪುರದ ಮೇಲೆ ಕೂತು ನೋಡಬೇಕು ಅಷ್ಟೇ. ಇಲ್ಲಾದರೂ ಸರ್ ಬಾಯಿ ಕಟ್ಟುತ್ತದೆ ಅಂದುಕೊಂಡೆ. ಕರಡಿ ಬಂತು. ಹಿಂದೆ ಮರಿಯೂ ಬಂತು. ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಕಿವಿಯ ಹತ್ತಿರ ಪಿಸುಮಾತು: “ಇವೇನ್ರೀ, ಸಣ್ಣವು. ದೊಡ್ಡದು ಈಗಷ್ಟೇ ಹೋತು.”

ಅವರ ಈ ಮಾತಿಗೆ ನನಗೆ ನಗು ಬರದಿದ್ದುದು ಒಂದೇ ಸಲ. ಸಿರುಗುಪ್ಪದ ಕಡೆ ಎರೆ ಹೊಲಗಳಲ್ಲಿ ಎರೆಭೂತ ಇದೆಯಲ್ಲ, ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ ದೊಡ್ಡ ಹಕ್ಕಿ, ಅದರ ಮಾತು ಬಂದಿತ್ತು. ಈಗ ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. “ಹೋತ್ರಿ ಅದು” ಅಂದರು ಸರ್. ಈಗಷ್ಟೇ ಅಂತ ಸೇರಿಸಲಿಲ್ಲ. ಆಕಾಶವನ್ನೂ ತೋರಿಸಲಿಲ್ಲ.

ಇರಲಿ. ಮೊನ್ನೆಯ ಭಾನುವಾರದ ಕಥೆಗೆ ಬರುತ್ತೇನೆ, ಸಿಟ್ಟು ಇನ್ನೂ ಬಿಸಿ ಇದೆ.

ಹೆಬ್ಬಾತು ನೋಡಲೇಬೇಕು ಅಂತ ಹಿನ್ನೀರಿಗೆ ಹೊರಟಿದ್ದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. 7,000 ಮೀಟರಿಗಿಂತ ಮೇಲೆ ಹಾರಿದ ದಾಖಲೆ ಇದೆ. ಇದನ್ನು ಮನೆಯಲ್ಲಿ ಹೇಳಿದೆ, ಬೆಳಗಿನ ಜಾವ ಗೇಟು ತೆಗೆಯಲು ಒಂದು ಕಾರಣ ಬೇಕಲ್ಲ. “ಅಡಿಗಿಮನಿ ಕಿಟಕ್ಯಾಗ ಪಾರಿವಾಳ ಗೂಡು ಕಟ್ಯಾವ. ಅವನ್ನ ನೋಡಾಕ ಟೈಮಿಲ್ಲ, ಮಂಗೋಲಿಯಾದ್ದು ನೋಡಾಕ ಹೊಂಟ್ರಿ” ಅಂದಳು ಮನೆಯಾಕೆ. ಉತ್ತರ ಇರಲಿಲ್ಲ. ಬೈಕಿಗೆ ಕಿಕ್ ಹೊಡೆದೆ.

ಹಿನ್ನೀರಿನಲ್ಲಿ ಮಂಜು, ದಂಡೆಯಲ್ಲಿ ಬಳ್ಳಾರಿ ಜಾಲಿ, ಜಾಲಿಯ ಪಕ್ಕ ನಮ್ಮ ಮಂದಿ. ಹೆಬ್ಬಾತು? “ಈಗಷ್ಟೇ” ಅಂದರು ಸರ್. ಅಷ್ಟರಲ್ಲಿ ಕಾಲೇಜು ಹುಡುಗನೊಬ್ಬ ‘ಶ್’ ಅಂದ. ದೂರದ ಒಂದು ಜಾಲಿ ಗಿಡದ ನೆತ್ತಿಯ ಮೇಲೆ ಏನೋ ಕೂತಿತ್ತು. ಬೆಳ್ಳಗಿತ್ತು, ನಡುವೆ ಕಂದು ಪಟ್ಟಿ. ಎಲ್ಲ ದುರ್ಬೀನುಗಳೂ ಅತ್ತ ಹೊರಳಿದವು.

“ಆಸ್‌ಪ್ರೇ” ಅಂದ ಹುಡುಗ. ಮೀನು ಹಿಡಿಯುವ ಗಿಡುಗ, ಚಳಿಗಾಲಕ್ಕೆ ನಮ್ಮ ಕಡೆ ಬರುತ್ತದೆ. “ಅಲ್ಲ, ಅದರ ಎದಿ ಹಿಂಗಿರಂಗಿಲ್ಲ” ಅಂದರು ಇನ್ನೊಬ್ಬರು. “ಮರಿ ಇರಬೇಕು, ಇನ್ನಾ ಬಣ್ಣ ಬಂದಿಲ್ಲ” ಅಂತ ಮತ್ತೊಬ್ಬರು. ಗಾಳಿ ಬೀಸಿತು. “ಕುತ್ತಿಗಿ ಹೊಳ್ಳಿಸ್ತು! ಕುತ್ತಿಗಿ ಹೊಳ್ಳಿಸ್ತು!” ಬ್ಯಾಂಕಿನ ಮ್ಯಾನೇಜರ್ ಒಬ್ಬರು ಸಣ್ಣ ಮಕ್ಕಳಂತೆ ಕುಣಿದರು. ಸರ್ ನೋಟ್‌ಬುಕ್ ತೆಗೆದು ಟೈಮು ಬರೆದುಕೊಂಡರು. ಹುಡುಗ ಫೋಟೋ ಗ್ರೂಪಿಗೆ ಹಾಕಿಯೇಬಿಟ್ಟ. ಹಾಸಿಗೆಯಿಂದ ಏಳದವರೆಲ್ಲ ಅಲ್ಲಿಂದಲೇ ಅಭಿನಂದಿಸಿದರು. ಗಂಗಾವತಿಯಿಂದ ಒಬ್ಬರು, ‘ಅಪರೂಪದ ದಾಖಲೆ’ ಅಂತ ಬರೆದರು.

ಆಗ ಕುರಿ ಹಿಂಡು ಹೊಡೆದುಕೊಂಡು ಒಬ್ಬ ಬಂದ. ಹೆಗಲ ಮೇಲೆ ಕಂಬಳಿ. ಸೀದಾ ಆ ಗಿಡದ ಹತ್ತಿರವೇ ಹೊರಟ. “ಏ, ಹೋಗಬ್ಯಾಡೋ, ಹಾರತೈತಿ!” ಅಂತ ಪಿಸುಗುಡುತ್ತಲೇ ಕೂಗಿದೆವು. ಹಾಗೆ ಕೂಗುವುದು ಕಷ್ಟ, ನೀವೂ ಪ್ರಯತ್ನಿಸಿ ನೋಡಿ. ಅವನಿಗೆ ಕೇಳಿಸಲಿಲ್ಲ. ಕೋಲೆತ್ತಿ ಕೊಂಬೆ ಬಗ್ಗಿಸಿದ. ಹಕ್ಕಿಯನ್ನು ಬಿಡಿಸಿಕೊಂಡ. ಎರಡು ಸಲ ಝಾಡಿಸಿ, ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡ.

ಡಿಎಪಿ ಗೊಬ್ಬರದ ಚೀಲ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮ್ಯಾನೇಜರ್ ಸುಮ್ನೆ ದುರ್ಬೀನಿನ ಗಾಜು ಒರೆಸಿದರು. ಸರ್ ಮಾತ್ರ ಒಂಚೂರೂ ಅಲುಗಾಡಲಿಲ್ಲ. “ಚೀಲದ ಹಿಂದ ಇತ್ರಿ” ಅಂದರು. “ನೀವೆಲ್ಲ ಚೀಲ ನೋಡ್ಕೋಂತ ನಿಂತ್ರಿ. ಈಗಷ್ಟೇ ಹೋತು.”

ಕುರಿಯವನು ನಮ್ಮ ಹತ್ತಿರ ಬಂದ. ಕುತ್ತಿಗೆಯ ದುರ್ಬೀನು ನೋಡಿ, “ಫಾರೆಸ್ಟ್‌ನವರೇನ್ರೀ?” ಅಂದ. ಅಲ್ಲ ಅಂದೆವು. ಮುಖ ಸಪ್ಪಗಾಯಿತು. “ರಾತ್ರಿ ತೋಳ ಬಂದಿತ್ತು. ಮರಿ ಒಯ್ತು. ಪರಿಹಾರ ಕೇಳಾಕ ಯಾರನ್ನ ಕಾಣಬೇಕೋ ಏನೋ.”

ತೋಳ ಅಂದದ್ದೇ ತಡ, ನಮ್ಮವರ ಚೀಲದ ದುಃಖವೆಲ್ಲ ಹೋಯಿತು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮ ಇದೆ, ಅಂಥ ತೋಳ ನಮ್ಮ ಹತ್ತಿರವೇ ಅಂದರೆ ಸಣ್ಣ ಮಾತಾ? ಎಲ್ಲಿ ಬಂತು, ಎಷ್ಟು ಗಂಟೆಗೆ, ಒಂದೋ ಜೋಡಿಯೋ, ಹೆಜ್ಜೆ ಗುರುತು ಐತೇನು, ಫೋಟೋ ತಗದಿಯೇನು? ಅವನು ನಮ್ಮನ್ನು ಒಂದು ಥರ ನೋಡಿದ. “ಮರಿ ಹೋತು ಅಂದ್ರ ಫೋಟೋ ಕೇಳ್ತೀರಲ್ರೀ.”

ನನಗೆ ನಮ್ಮಜ್ಜ ನೆನಪಾದ. ಹಿಂಗಾರಿ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹೊಲದ ನಡುವೆ ಅಟ್ಟ ಕಟ್ಟಿ ಅದರ ಮೇಲೆ ನಿಂತಿರುತ್ತಿದ್ದ. ಕೈಯಲ್ಲಿ ಕವಣೆ. ಗುಲಾಬಿ ಕಬ್ಬಕ್ಕಿಗಳು ಮೋಡದ ಹಾಗೆ ಬಂದು ತೆನೆಗೆ ಇಳಿಯುತ್ತಿದ್ದವು. ಅಜ್ಜ ಬಯ್ಯುತ್ತ ಕಲ್ಲು ಬೀಸುತ್ತಿದ್ದ. ಅವು ಮಧ್ಯ ಏಷ್ಯಾದಿಂದ ಬರುತ್ತವೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೆ ಆ ಕಡೆಯವರಿಗೂ ಸೇರಿಸಿ ಬಯ್ಯುತ್ತಿದ್ದ. ಆ ಹೊಲ ಈಗ ನಮ್ಮದಲ್ಲ. ಅದೇ ಹಕ್ಕಿಯನ್ನು ನೋಡಲು ನಾನು ಪೆಟ್ರೋಲ್ ಸುಟ್ಟುಕೊಂಡು ತಿರುಗುತ್ತೇನೆ. ಅಜ್ಜ ಇದ್ದಿದ್ದರೆ ಕವಣೆ ನನ್ನ ಕಡೆ ತಿರುಗುತ್ತಿತ್ತು.

ವಾಪಸು ಬರುವಾಗ ರಸ್ತೆ ಬದಿಯಲ್ಲಿ ಒಗ್ಗರಣಿ ಮಿರ್ಚಿ ತಿಂದೆವು. ಇಡೀ ಬೆಳಗಿನಲ್ಲಿ ಎಲ್ಲರೂ ಒಟ್ಟಿಗೆ, ಅನುಮಾನ ಇಲ್ಲದೆ ಕಂಡದ್ದು ಅದೊಂದೇ. ಕುರಿಯವನನ್ನೂ ಕರೆದಿದ್ದೆವು. ಅರಣ್ಯ ಇಲಾಖೆಯಲ್ಲಿ ಯಾರಿಗೆ ಅರ್ಜಿ ಕೊಡಬೇಕು ಅಂತ ಮ್ಯಾನೇಜರ್ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ತೋಳ ಮತ್ತೆ ಬಂದರೆ ಗೊತ್ತಾಗಲಿ ಅಂತ ಹುಡುಗ ಅವನ ನಂಬರನ್ನೂ ಗ್ರೂಪಿಗೆ ಸೇರಿಸಿದ.

ನಿನ್ನೆ ಬೆಳಿಗ್ಗೆ ಐದೂ ಮುಕ್ಕಾಲಿಗೆ ಅವನದೇ ವಿಡಿಯೋ ಬಂತು. ಕಡಲೆ ಹೊಲ. ಹೊಲದ ತುಂಬ ಹೆಬ್ಬಾತು, ತಲೆಯ ಮೇಲಿನ ಎರಡು ಕರಿ ಪಟ್ಟೆಯೂ ಎಣಿಸುವಷ್ಟು ಹತ್ತಿರ. ಗ್ರೂಪು ಹುಟ್ಟಿದ ಮೇಲೆ ಹಕ್ಕಿ ಸರಿಯಾಗಿ ಕಂಡದ್ದು ಅದರಲ್ಲೇ ಮೊದಲು. ಹಿಂದೆಯೇ ಒಂದು ವಾಯ್ಸ್ ಮೆಸೇಜು: “ಸರ, ನಮ್ಮಣ್ಣನ ಹೊಲ ಇದು. ಕಡ್ಲಿ ಎಲ್ಲಾ ಮೇಯಾಕತ್ತಾವ. ಲಗೂನ ಬಂದು ಓಡಸ್ರಿ.”

ಕೆಳಗೆ ಮೂವತ್ತೆಂಟು ಹೆಬ್ಬೆರಳು, ‘ಸೂಪರ್ ಕ್ಲಿಕ್ ಸರ್’, ‘ಲೊಕೇಶನ್ ಪ್ಲೀಸ್’.