ಸ್ಪಷ್ಟನೆ: ಎಬರ್‌ಹಾರ್ಡ್ ಸಂಬಳಕ್ಕೆ ಬಂದವರಲ್ಲ

'ಟೆಸ್ಲಾ ಕಟ್ಟಿದ್ದು ಇಲಾನ್ ಮಸ್ಕ್ ಒಬ್ಬರೇ. ಸಂಬಳಕ್ಕೆ ಬಂದ ಮಾರ್ಟಿನ್ ಎಬರ್‌ಹಾರ್ಡ್ ಕೆಲಸ ಕೆಡಿಸಿದರು, ಹೊರಗೆ ಹಾಕಿದರು.' ಮೈಸೂರಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಈ ಮೆಸೇಜ್ ಓಡಾಡುತ್ತಿದೆ. ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಂಗಿ ಮಗ ಇದನ್ನೇ ಸೆಮಿನಾರಿಗೆ ಬರೆದುಕೊಂಡಿದ್ದ. ನೋಡಿ ಬೇಜಾರಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

2003ರ ಜುಲೈನಲ್ಲಿ ಈ ಎಲೆಕ್ಟ್ರಿಕ್ ಕಾರು ಕಂಪನಿ ಶುರು ಮಾಡಿದವರೇ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್. ಮಸ್ಕ್ ದುಡ್ಡು ಹಾಕಿ ಅಧ್ಯಕ್ಷರಾಗಿದ್ದು 2004ರಲ್ಲಿ. ಮೊದಲ ಕಾರು ರೋಡ್‌ಸ್ಟರ್. ಲ್ಯಾಪ್‌ಟಾಪ್‌ನಲ್ಲಿ ಇರುವಂಥ ಬೆರಳುದ್ದದ ಬ್ಯಾಟರಿ ಸೆಲ್‌ಗಳು, ಒಂದು ಕಾರಿಗೆ 6,831! ಗೇರ್‌ಬಾಕ್ಸ್ ಕೈಕೊಟ್ಟಿತು, ಖರ್ಚು ಏರಿತು, ಕಾರು ತಡವಾಯಿತು. ಜಗಳ ಬೆಳೆದಿದ್ದು ಅಲ್ಲೇ. 2007ರ ಆಗಸ್ಟ್‌ನಲ್ಲಿ ಎಬರ್‌ಹಾರ್ಡ್ ಸಿಇಒ ಕುರ್ಚಿ ಬಿಡಬೇಕಾಯಿತು. ನಿಜಕ್ಕೂ ಹೊರಗಿನಿಂದ ಕರೆತಂದ ಸಿಇಒ ಅಂದರೆ ಆಮೇಲೆ ಬಂದ ಜೀವ್ ಡ್ರೋರಿ. 2008ರ ಅಕ್ಟೋಬರ್‌ನಲ್ಲಿ ಮಸ್ಕ್ ತಾವೇ ಕೂತರು.

ಹಾಗಂತ ಮಸ್ಕ್ ಪಾಲು ಕಡಿಮೆ ಅಂತ ಹೇಳುತ್ತಿಲ್ಲ. 2009ರಲ್ಲಿ ಎಬರ್‌ಹಾರ್ಡ್ ಮಸ್ಕ್ ಮತ್ತು ಟೆಸ್ಲಾ ವಿರುದ್ಧ ಕೋರ್ಟಿಗೆ ಹೋದರು. ಅದೇ ವರ್ಷ ರಾಜಿಯೂ ಆಯಿತು. ಅದರ ಪ್ರಕಾರ ಐವರು ತಮ್ಮನ್ನು ಸಹ-ಸಂಸ್ಥಾಪಕರು ಅಂತ ಕರೆದುಕೊಳ್ಳಬಹುದು: ಎಬರ್‌ಹಾರ್ಡ್, ಟಾರ್ಪೆನಿಂಗ್, ಶುರುವಿನಲ್ಲೇ ಸೇರಿದ ಇಂಜಿನಿಯರ್‌ಗಳಾದ ಇಯಾನ್ ರೈಟ್ ಮತ್ತು ಜೆ.ಬಿ. ಸ್ಟ್ರಾಬೆಲ್, ಜೊತೆಗೆ ಮಸ್ಕ್. 'ಒಬ್ಬರೇ' ಅನ್ನುವ ಮಾತನ್ನು ದಯವಿಟ್ಟು ತೆಗೆಯಿರಿ.