ಪ್ರತಿ ಮನವಿಗೂ ಒಂದು ಹಿಂಬರಹ ಕೊಡಿ

ಜುಲೈ ತಿಂಗಳಲ್ಲಿ ನಮ್ಮ ಸಾಗರದ ಕಡೆ ಮಳೆ ಎರಡು ದಿನ ಹೊಳವಾದರೆ ಅದೇ ದೊಡ್ಡದು. ಅಷ್ಟರೊಳಗೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದು ಮುಗಿಸಬೇಕು. ಅಂಥದೇ ಹೊತ್ತಿನಲ್ಲಿ, ನಾನು ಸದಸ್ಯನಾಗಿರುವ ಬೆಳೆಗಾರರ ಆನ್‌ಲೈನ್ ತಾಣವೊಂದರಲ್ಲಿ ಯಾರೋ ಆ ಔಷಧಿಯಾದ ಬೋರ್ಡೋ ದ್ರಾವಣದ ಅಳತೆ ಬರೆದಿದ್ದರು: 100 ಲೀಟರ್ ನೀರು, ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಕಾಲು ಕಿಲೊ ಸುಣ್ಣ.

ಶೇ 1ರ ದ್ರಾವಣಕ್ಕೆ ಸುಣ್ಣವೂ ಒಂದು ಕಿಲೊ ಬೇಕು. ಕಡಿಮೆಯಾದರೆ ಎಳೆಕಾಯಿ ಸುಟ್ಟುಹೋಗುತ್ತದೆ. ನಮ್ಮಪ್ಪ ದ್ರಾವಣ ಕಲಸಿದ ಮೇಲೆ ಕತ್ತಿಯ ಅಲಗನ್ನು ಚೆನ್ನಾಗಿ ಉಜ್ಜಿ ಅದರಲ್ಲಿ ಅದ್ದುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸುರಿಸುತ್ತಿದ್ದರು. ಕತ್ತಿ ಬಿಳಿಯಾಗಿಯೇ ಬರುವ ತನಕ ಪಂಪಿಗೆ ಕೈ ಹಾಕಲು ಬಿಡುತ್ತಿರಲಿಲ್ಲ.

ಗಾಬರಿಯಲ್ಲಿ ತಾಣದ ಸಿಬ್ಬಂದಿಗೆ ಬರೆದೆ: ‘ಇದು ತಪ್ಪು, ಕೂಡಲೇ ತೆಗೆಯಿರಿ.’ ಮನವಿ ತಲುಪಿದೆ ಎಂಬ ಸಿದ್ಧ ಉತ್ತರವೊಂದು ಬಂತು. ಆಮೇಲೆ ಒಂಬತ್ತು ದಿನ ಸದ್ದಿಲ್ಲ. ಹತ್ತನೆಯ ದಿನ ಮತ್ತೆ ಬರೆದೆ. ಈ ಸಲ ಆ ಬರಹದ ಕೊಂಡಿ, ತಪ್ಪಿರುವ ಸಾಲು, ಸರಿಯಾದ ಅಳತೆ, ತಡವಾದರೆ ಆಗುವ ನಷ್ಟ, ನಾಲ್ಕನ್ನೂ ಕೊಟ್ಟೆ. ಸಂಜೆಯೊಳಗೆ ತಿದ್ದಿದ್ದರು.

ಆದ್ದರಿಂದ ಕೇಳುವವರ ಹೊಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಅಡಿಕೆಯ ಹೆಸರೇ ಗೊತ್ತಿಲ್ಲದ ಊರಿನಲ್ಲಿ ಕುಳಿತು ನೂರಾರು ಮನವಿ ಓದುವವರಿಗೆ ನಮ್ಮ ಗಾಬರಿ ಹೇಗೆ ಅರ್ಥವಾಗಬೇಕು? ಆದರೆ ಆ ಒಂಬತ್ತು ದಿನಗಳಲ್ಲಿ ‘ಯಾವ ಸಾಲು ತಪ್ಪು, ತಿಳಿಸಿ’ ಎಂದು ಒಬ್ಬರಾದರೂ ಕೇಳಬಹುದಿತ್ತು. ಆ ಅಳತೆ ನಂಬಿ ಎಷ್ಟು ಜನ ಔಷಧಿ ಹೊಡೆದರೋ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ಸಕಾಲ ನಮ್ಮ ರಾಜ್ಯದಲ್ಲಿ 2012ರಿಂದ ಜಾರಿಯಲ್ಲಿದೆ. ಅದರಡಿ ಅರ್ಜಿ ಕೊಟ್ಟರೆ 15 ಅಂಕಿಗಳ ಸಂಖ್ಯೆ ಸಿಗುತ್ತದೆ, ಕೆಲಸಕ್ಕೆ ಗಡುವು ಇರುತ್ತದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕೂ ಇದೆ. ನನಗೆ ಆ ಹಣಕ್ಕಿಂತ ಸಂಖ್ಯೆ ಮುಖ್ಯ. ಅದು ಕೈಯಲ್ಲಿದ್ದರೆ ಅರ್ಜಿ ಎಲ್ಲಿ ನಿಂತಿದೆ ಎಂದು ಕೇಳಬಹುದು. ಆಗುವುದಿಲ್ಲ ಎಂದಾದರೆ ಕಾರಣ ಬರೆದು ಹಿಂಬರಹ ಕೊಡುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಎಷ್ಟೋ ಕಾಲದಿಂದ ಇದೆ. ಸದಸ್ಯರ ಬರಹಗಳಿಂದಲೇ ಬದುಕಿರುವ ತಾಣಕ್ಕೆ ಇಷ್ಟು ಮಾಡುವುದು ಭಾರವೇ?

ಆ ತಾಣದಲ್ಲಿ ‘ಕೊಳೆರೋಗ’ ಎಂದು ಹುಡುಕಿದರೆ ಬರುವ ಬರಹಗಳೇ ಬೇರೆ, ‘ಕೊಳೆ ರೋಗ’ ಎಂದು ಬಿಡಿಸಿ ಹುಡುಕಿದರೆ ಬರುವುದೇ ಬೇರೆ. ಇದನ್ನು ಸರಿಪಡಿಸಿ ಎಂದು ಕೇಳಿ ಎರಡು ವರ್ಷವಾಯಿತು. ಆಗುವುದಿಲ್ಲ ಎಂದಾದರೂ ಹೇಳಿ, ಒಪ್ಪುತ್ತೇನೆ. ಕನ್ನಡದ ಮನವಿಗಳನ್ನು ಓದಲು ಜನ ಸಾಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಂದು ಗಂಟೆ ಕೂರಲು ನಾನೂ ನನ್ನ ಮೂವರು ಗೆಳೆಯರೂ ಸಿದ್ಧರಿದ್ದೇವೆ. ಇದನ್ನೂ ಅವರಿಗೆ ಬರೆದು ಕಳಿಸಿದ್ದೇನೆ.