ಕುಂಬಳಕಾಯಿ ಕಳ್ಳನೂ ಯೇಸುವಿನ ಸಾಮ್ಯಗಳೂ

ಯೇಸು ಸಾಮ್ಯಗಳನ್ನು, ಅಂದರೆ ದೃಷ್ಟಾಂತದ ಕಥೆಗಳನ್ನು, ಹೇಳಿದ್ದು ಹಳ್ಳಿ ಜನಕ್ಕೆ ಸುಲಭವಾಗಿ ಅರ್ಥವಾಗಲಿ ಅಂತ. ಸಂಡೇ ಸ್ಕೂಲಿನಲ್ಲಿ ನಮಗೆ ಹೀಗೇ ಹೇಳಿಕೊಟ್ಟರು. ಎಷ್ಟೋ ವರ್ಷ ನಾನೂ ಮಕ್ಕಳಿಗೆ ಹೀಗೇ ಹೇಳಿಕೊಟ್ಟೆ. ತೊಂದರೆ ಏನಂದರೆ, ಯೇಸು ಹಾಗೆ ಹೇಳಿಲ್ಲ.

ಬೈಬಲಿನಲ್ಲಿ ಮಾರ್ಕ ಬರೆದ ಸುವಾರ್ತೆಯ 4ನೇ ಅಧ್ಯಾಯ ತೆಗೆದು ನೋಡಿ. ಬಿತ್ತುವವನ ಬೀಜ ಬೇರೆ ಬೇರೆ ನೆಲಕ್ಕೆ ಬಿದ್ದ ಕಥೆ ಮುಗಿದಿದೆ. ಜನಜಂಗುಳಿ ಇಲ್ಲದಾಗ ಶಿಷ್ಯರು ಹತ್ತಿರ ಬಂದು ಇದರ ಅರ್ಥ ಏನು ಅಂತ ಕೇಳುತ್ತಾರೆ. ದೇವರ ರಾಜ್ಯದ ಗುಟ್ಟು ನಿಮಗೆ ಸಿಕ್ಕಿದೆ, ಹೊರಗಿನವರಿಗೆ ಮಾತ್ರ ಎಲ್ಲವೂ ಸಾಮ್ಯದಲ್ಲೇ ಅನ್ನುತ್ತಾನೆ ಯೇಸು. ಅವರು ಕಂಡರೂ ಕಾಣದ ಹಾಗೆ, ಕೇಳಿದರೂ ತಿಳಿಯದ ಹಾಗೆ. ಇದು ಹಳೆಯ ಪ್ರವಾದಿ ಯೆಶಾಯನ ಗ್ರಂಥದ 6ನೇ ಅಧ್ಯಾಯದ ಮಾತು. ಮೊದಲ ಸಲ ಗಮನವಿಟ್ಟು ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಅರ್ಥವಾಗಬಾರದು ಅಂತಲೇ ಯಾರಾದರೂ ಪಾಠ ಮಾಡುತ್ತಾರಾ?

ಇನ್ನೊಂದು ಸುವಾರ್ತೆಯ ಮತ್ತಾಯ ಇದೇ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿದ್ದಾನೆ. ಮಾರ್ಕನ ಗ್ರೀಕಿನಲ್ಲಿರುವುದು 'ಹಿನ', ಅಂದರೆ 'ಹಾಗಾಗಲಿ ಎಂದು'. ಮತ್ತಾಯನಲ್ಲಿ 'ಹೊತಿ', ಅಂದರೆ 'ಹಾಗಿರುವುದರಿಂದ'. ಈ ಎರಡು ಪುಟ್ಟ ಪದಗಳ ಮೇಲೆ ಪಂಡಿತರು ರಾಶಿ ರಾಶಿ ಬರೆದಿದ್ದಾರೆ. ಆ ಜಗಳಕ್ಕೆ ನಾನು ಹೋಗಲ್ಲ.

ನನ್ನನ್ನು ಕಾಡಿದ್ದು ಬೇರೆ. ಒಳಗಿನವರು ಅನ್ನಿಸಿಕೊಂಡ ಶಿಷ್ಯರಿಗೂ ಅರ್ಥವಾಗಿಲ್ಲ! ಮುಂದಿನ ವಚನದಲ್ಲೇ, ಇದೇ ತಿಳಿಯದಿದ್ದರೆ ಉಳಿದದ್ದೆಲ್ಲ ಹೇಗೆ ತಿಳಿದೀತು ಅಂತ ಯೇಸು ಅವರನ್ನು ಕೇಳುತ್ತಾನೆ. ಈಗ ಮಾರ್ಕನ 12ನೇ ಅಧ್ಯಾಯಕ್ಕೆ ಬನ್ನಿ. ಜಾಗ ಯೆರೂಸಲೇಮಿನ ದೇವಾಲಯ. ದ್ರಾಕ್ಷಿತೋಟವನ್ನು ಗುತ್ತಿಗೆಗೆ ಪಡೆದವರು ಯಜಮಾನನ ಪಾಲು ಕೊಡದೆ, ಕೇಳಲು ಬಂದ ಆಳುಗಳನ್ನು ಬಡಿದು, ಕೊನೆಗೆ ಮಗನನ್ನೇ ಕೊಂದ ಕಥೆ. ಯಾರ ಹೆಸರನ್ನೂ ಎತ್ತಿಲ್ಲ. ಆದರೂ ಯಾಜಕರಿಗೂ ಶಾಸ್ತ್ರಿಗಳಿಗೂ ಅದು ತಮ್ಮ ಮೇಲೇ ಹೇಳಿದ್ದು ಅಂತ ಗೊತ್ತಾಗಿಬಿಟ್ಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹಿಡಿಯಲು ನೋಡಿದರು, ಜನಕ್ಕೆ ಹೆದರಿದರು, ಬಿಟ್ಟು ಹೊರಟರು.

ಅಂದರೆ ಶಿಷ್ಯರಿಗೆ ತಿಳಿಯಲಿಲ್ಲ, ವಿರೋಧಿಗಳಿಗೆ ಚೆನ್ನಾಗೇ ತಿಳಿಯಿತು. ಹಾಗಾದರೆ ಬುದ್ಧಿಗೂ ಇದಕ್ಕೂ ಜಾಸ್ತಿ ಸಂಬಂಧವಿಲ್ಲ ಅಲ್ವಾ? ತಿಳಿಯದವರು ಉಳಿದುಕೊಂಡು ಕೇಳಿದರು. ತಿಳಿದವರು ಎದ್ದು ಹೋದರು. ಕೇಳಿದವರಲ್ಲಿ ಹನ್ನೆರಡು ಮಂದಿ ಶಿಷ್ಯರಷ್ಟೇ ಅಲ್ಲ, 'ಆತನ ಸುತ್ತ ಇದ್ದವರೂ' ಇದ್ದರು ಅಂತ ಮಾರ್ಕ ಬರೆಯುತ್ತಾನೆ. ಅವರು ಯಾರು, ಯಾವ ಊರಿನವರು, ಒಂದೂ ಇಲ್ಲ. ಒಳಗಿನವರಾಗಲು ಉಳಿದುಕೊಂಡು ಕೇಳಿದ್ದಷ್ಟೇ ಸಾಕಾಗಿತ್ತು ಅನ್ನಿಸುತ್ತದೆ ನನಗೆ.

ನಮ್ಮ ಪ್ರೊಟೆಸ್ಟಂಟರ ಬೈಬಲಿನಲ್ಲಿ ಸಾಮ್ಯ, ಕಥೋಲಿಕರ ಬೈಬಲಿನಲ್ಲಿ ಸಾಮತಿ. ಹೀಬ್ರೂ ಪದ 'ಮಾಶಾಲ್'. ಗಾದೆಗೂ ಒಗಟಿಗೂ ಇಂಥ ಕಥೆಗೂ ಅದೊಂದೇ ಪದ. ಯೇಸುವಿಗಿಂತ ಎಷ್ಟೋ ಶತಮಾನ ಮುಂಚೆ ಪ್ರವಾದಿ ನಾತಾನ ಅರಸ ದಾವೀದನಿಗೆ ಒಂದು ಕಥೆ ಹೇಳಿದ್ದ. ಬಡವನ ಹತ್ತಿರ ಇದ್ದದ್ದು ಒಂದೇ ಕುರಿಮರಿ, ಸಾಹುಕಾರ ಅದನ್ನೇ ಕಿತ್ತುಕೊಂಡು ನೆಂಟನಿಗೆ ಅಡುಗೆ ಮಾಡಿಸಿದ. ದಾವೀದ ಕೆಂಡವಾಗಿ, ಅವನಿಗೆ ಸಾವೇ ಸರಿ ಅಂದ. ನಾತಾನ ಅಂದ, "ಆ ಮನುಷ್ಯ ನೀನೇ." ದಾವೀದ ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡಿದ್ದ. ಆ ವಿಷಯವನ್ನು ನೇರವಾಗಿ ಎತ್ತಿದ್ದರೆ ಅರಸ ನೂರು ಸಮಜಾಯಿಷಿ ಕೊಡುತ್ತಿದ್ದ. ಕುರಿಯ ಕಥೆ ಆದ್ದರಿಂದ ತೀರ್ಪು ಅವನ ಬಾಯಿಂದಲೇ ಬಂತು.

ಹೋದ ವರ್ಷ ನಮ್ಮ ಮನೆಯ ಪ್ರಾರ್ಥನೆ ಕೂಟದಲ್ಲಿ ಮತ್ತಾಯನ 20ನೇ ಅಧ್ಯಾಯ ಓದಿದೆವು. ಬೆಳಗಾಗುತ್ತಲೇ ತೋಟಕ್ಕೆ ಬಂದವರಿಗೂ ಸಂಜೆ ಐದಕ್ಕೆ ಬಂದವರಿಗೂ ಯಜಮಾನ ಕೊಟ್ಟದ್ದು ಒಂದೇ ಕೂಲಿ, ಒಂದು ದಿನಾರಿ ಅನ್ನೋ ಬೆಳ್ಳಿ ನಾಣ್ಯ. ಅದೂ ಕೊನೆಗೆ ಬಂದವರಿಗೆ ಮೊದಲು. ಬೆಳಿಗ್ಗೆಯಿಂದ ದುಡಿದವರು ಗೊಣಗಿದರು. ಬೆಳಿಗ್ಗೆ ಬಂದವರಿಗೇ ಮೊದಲು ಕೊಟ್ಟು ಕಳಿಸಿದ್ದರೆ ಗಲಾಟೆಯೇ ಇರುತ್ತಿರಲಿಲ್ಲ. ಅವರು ನಿಂತು ನೋಡಲಿ ಅಂತಲೇ ಹಾಗೆ ಮಾಡಿದ್ದು ಅಂತ ಕಾಣುತ್ತದೆ.

ಕೂತಿದ್ದ ನಾವೆಲ್ಲ ತಿಂಗಳ ಸಂಬಳದವರು. ಇದು ಅನ್ಯಾಯ ಅಂತ ನನ್ನ ಮಗನೇ ಶುರು ಮಾಡಿದ. ಇದು ಕೂಲಿಯ ವಿಷಯ ಅಲ್ಲ, ಕೃಪೆಯ ವಿಷಯ ಅಂತ ಹಿರಿಯರೊಬ್ಬರು ತಿದ್ದಿದರು. ಬಾಗಿಲ ಹತ್ತಿರ ಒಬ್ಬ ಅಕ್ಕ ಕೂತಿದ್ದರು. ಬೆಳಿಗ್ಗೆ ಸರ್ಕಲ್‌ನಲ್ಲಿ ನಿಂತು, ಮೇಸ್ತ್ರಿ ಕರೆದರೆ ಗಾರೆ ಕೆಲಸಕ್ಕೆ ಹೋಗುವವರು.

"ಐದು ಗಂಟೆ ತನಕ ನಿಂತಿದ್ರಾ?" ಅಂದರು. "ನಾವು ಹತ್ತು ಗಂಟೆಗೆ ವಾಪಸ್ ಹೋಗ್ತೀವಿ. ಆಮೇಲೆ ಯಾರೂ ಕರೆಯಲ್ಲ. ಐದರ ತನಕ ನಿಂತವ್ರೆ ಅಂದ್ರೆ ಮನೇಲಿ ಒಲೆ ಹಚ್ಚೋಕೂ ಏನೂ ಇಲ್ಲ ಅಂತ."

ಇಪ್ಪತ್ತು ಸಲವಾದರೂ ಈ ಕಥೆಯನ್ನು ನಾನು ಮಕ್ಕಳಿಗೆ ಹೇಳಿದ್ದೇನೆ. ಆ ಐದು ಗಂಟೆಯನ್ನು ಒಮ್ಮೆಯೂ ನಿಂತವರ ಕಡೆಯಿಂದ ನೋಡಿರಲಿಲ್ಲ. ಗೊಣಗುವವರ ಸಾಲಿನಲ್ಲೇ ನಿಂತು ಕಥೆ ಹೇಳುತ್ತಿದ್ದೆ, ಸುಮ್ನೆ ಬಾಯಲ್ಲಿ ಮಾತ್ರ ಕೃಪೆ.

ಸರಿ, ಇನ್ನು ಪ್ರಾರ್ಥನೆ ಮಾಡೋಣ ಅಂತ ಹಿರಿಯರು ಕನ್ನಡಕ ತೆಗೆದರು. ಅಕ್ಕ ಇನ್ನೂ ಬಿಡಲಿಲ್ಲ.

"ಅದ್ಸರಿ, ಮಾರನೇ ದಿನ ಬೆಳಿಗ್ಗೆ ಆರಕ್ಕೆ ಆ ತೋಟಕ್ಕೆ ಯಾರು ಬಂದ್ರು?"

ಹಿರಿಯರು ಕನ್ನಡಕ ಮತ್ತೆ ಹಾಕಿಕೊಂಡು ಪುಟ ತಿರುಗಿಸಿದರು. "ಅದು ಬರೆದಿಲ್ಲ ಅಕ್ಕ," ಅಂದೆ. "ಬರೆದಿಲ್ವಾ?" ಅಂತ ನಕ್ಕರು. ಅವತ್ತು ಪ್ರಾರ್ಥನೆ ಶುರುವಾಗಿದ್ದು ಒಂದು ಗಂಟೆ ತಡವಾಗಿ.